ಸಕ್ಕರೆ ತಯಾರಿಕಾ ಪ್ರಕ್ರಿಯೆಯ ವಿನ್ಯಾಸದಲ್ಲಿ ಲಾಭ-ನಷ್ಟಗಳ ಹೊಂದಾಣಿಕೆ: ಬೀದರ್ ಜಿಲ್ಲೆಯ ಕಬ್ಬು ಬೆಳೆಗಾರರ ಮಾಹಿತಿಗಾಗಿ

1. ಪೀಠಿಕೆ

ಬೀದರ್ ಜಿಲ್ಲೆಯು ಮಾಂಜ್ರಾ ಮತ್ತು ಕಾರಂಜಾ ನದಿಗಳ ಜಲಾನಯನ ಪ್ರದೇಶದಲ್ಲಿದ್ದು, ಉದ್ದು, ಹೆಸರು, ತೊಗರಿ, ಸೋಯಾಬೀನ್ ಹಾಗೂ ಜೋಳದ ಜೊತೆಗೆ ನೀರಾವರಿ ಸೌಲಭ್ಯವಿರುವೆಡೆಗಳಲ್ಲಿ ಕಬ್ಬು ಪ್ರಮುಖ ವಾಣಿಜ್ಯ ಬೆಳೆಯಾಗಿದೆ. ಹಳ್ಳಿಖೇಡದ ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ, ಇಮಾಂಪುರದ ನಾರಂಜಾ ಸಹಕಾರಿ ಸಕ್ಕರೆ ಕಾರ್ಖಾನೆ, ಭಾಲ್ಕಿ ತಾಲ್ಲೂಕಿನ ಹುಂಜಿಯ ಮಹಾತ್ಮ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆ ಮುಂತಾದವು ಈ ಜಿಲ್ಲೆಯ ಕಬ್ಬು ಬೆಳೆಗಾರರ ಬದುಕಿನೊಂದಿಗೆ ಹೆಣೆದುಕೊಂಡಿರುವ ಹೆಸರುಗಳು. ಜಿಲ್ಲೆಯ ಉತ್ತರದ ತುದಿಯಲ್ಲಿರುವ ಔರಾದ ತಾಲ್ಲೂಕಿನ ಬೆಳೆಗಾರರಿಗೆ ಗದ್ದೆಯಿಂದ ಕಾರ್ಖಾನೆಯವರೆಗಿನ ದೂರವೂ ಒಂದು ಮುಖ್ಯ ಪ್ರಶ್ನೆಯಾಗಿದೆ.

ಸಕ್ಕರೆ ಕಾರ್ಖಾನೆಯನ್ನು ಸಾಮಾನ್ಯವಾಗಿ ಒಂದು ದೊಡ್ಡ ಗಾಣವೆಂದು ಭಾವಿಸಲಾಗುತ್ತದೆ. ವಾಸ್ತವವಾಗಿ ಅದು ಒಂದು ಸಂಪೂರ್ಣ ರಾಸಾಯನಿಕ ಕಾರ್ಖಾನೆ. ಅಲ್ಲಿ ಹಿಂಡುವಿಕೆ, ಶುದ್ಧೀಕರಣ, ಬಾಷ್ಪೀಕರಣ, ಹರಳುಗಟ್ಟಿಸುವಿಕೆ ಮತ್ತು ಹರಳುಗಳ ಬೇರ್ಪಡಿಸುವಿಕೆ ಎಂಬ ಕಾರ್ಯಗಳು ಒಂದರ ಮೇಲೊಂದು ಅವಲಂಬಿಸಿ ಹಗಲಿರುಳು ನಡೆಯುತ್ತವೆ. ಇಂತಹ ಪ್ರಕ್ರಿಯೆಯಲ್ಲಿ ಒಂದು ಹಂತದಲ್ಲಿ ದೊರೆಯುವ ಲಾಭಕ್ಕೆ ಮತ್ತೊಂದು ಹಂತದಲ್ಲಿ ಬೆಲೆ ತೆರಬೇಕಾಗುತ್ತದೆ. ಹೆಚ್ಚು ರಸ ಬೇಕೆಂದರೆ ಹೆಚ್ಚು ಹಬೆ ಖರ್ಚಾಗುತ್ತದೆ. ಹಬೆ ಉಳಿಯಬೇಕೆಂದರೆ ಹೆಚ್ಚು ಯಂತ್ರ ಬೇಕಾಗುತ್ತದೆ. ವೇಗ ಹೆಚ್ಚಿದರೆ ಸಕ್ಕರೆ ಸೋರಿಹೋಗುತ್ತದೆ. ಎಲ್ಲವನ್ನೂ ಏಕಕಾಲಕ್ಕೆ ಗರಿಷ್ಠ ಮಟ್ಟಕ್ಕೆ ಕೊಂಡೊಯ್ಯಬಲ್ಲ ವಿನ್ಯಾಸ ಇರುವುದಿಲ್ಲ.

ಕಬ್ಬಿನ ದರವು ಕಾರ್ಖಾನೆಯ ಸಕ್ಕರೆ ಇಳುವರಿಯನ್ನು ಆಧರಿಸಿರುವುದರಿಂದ, ಯಂತ್ರಶಾಲೆಯೊಳಗೆ ಕೈಗೊಳ್ಳುವ ಇಂತಹ ಪ್ರತಿಯೊಂದು ನಿರ್ಧಾರದ ಪರಿಣಾಮವು ಬೆಳೆಗಾರನ ಬಿಲ್ಲಿನವರೆಗೆ ತಲುಪುತ್ತದೆ. ಆದ್ದರಿಂದ ಬೆಳೆಗಾರರು, ಸಹಕಾರಿ ಕಾರ್ಖಾನೆಗಳ ಷೇರುದಾರ ಸದಸ್ಯರು ಹಾಗೂ ಸಾರ್ವಜನಿಕರು ಈ ವಿಷಯವನ್ನು ತಿಳಿದುಕೊಳ್ಳುವುದು ಅಗತ್ಯವೆಂದು ಭಾವಿಸಿ ಈ ಕೆಳಕಂಡ ವಿವರಣೆಯನ್ನು ನೀಡಲಾಗಿದೆ.

2. ಸಕ್ಕರೆ ಇಳುವರಿ ಎಂದರೇನು? ದರಕ್ಕೂ ಅದಕ್ಕೂ ಇರುವ ಸಂಬಂಧ

ನುರಿಸಿದ ಪ್ರತಿ 100 ಕಿಲೋ ಕಬ್ಬಿನಿಂದ ಚೀಲಕ್ಕೆ ಇಳಿದ ಸಕ್ಕರೆಯ ಪ್ರಮಾಣವನ್ನು ಸಕ್ಕರೆ ಇಳುವರಿ ಎನ್ನಲಾಗುತ್ತದೆ. ಇದು ಕಬ್ಬಿನಲ್ಲಿರುವ ಒಟ್ಟು ಸಕ್ಕರೆಯ ಪ್ರಮಾಣವಲ್ಲ ಎಂಬುದನ್ನು ಗಮನಿಸಬೇಕು. ಕಬ್ಬಿನಲ್ಲಿ ಶೇಕಡಾ 13ರಷ್ಟು ಸಕ್ಕರೆಯಿದ್ದರೂ ಅದೆಲ್ಲವೂ ಕೈಗೆ ಬರುವುದಿಲ್ಲ. ಒಂದು ಭಾಗ ಸಿಪ್ಪೆಯಲ್ಲಿ, ಒಂದು ಭಾಗ ಶೋಧಕದ ಮಡ್ಡಿಯಲ್ಲಿ, ದೊಡ್ಡ ಭಾಗ ಕಾಕಂಬಿಯಲ್ಲಿ ಉಳಿಯುತ್ತದೆ. ಮತ್ತೊಂದು ಭಾಗವು ಪ್ರಕ್ರಿಯೆಯ ನಡುವೆ ರಾಸಾಯನಿಕವಾಗಿ ನಾಶವಾಗುತ್ತದೆ; ಇದನ್ನು ಲೆಕ್ಕಪತ್ರದಲ್ಲಿ 'ಅನಿರ್ಧರಿತ ನಷ್ಟ' ಎಂದು ತೋರಿಸಲಾಗುತ್ತದೆ.

ಕೇಂದ್ರ ಸರ್ಕಾರವು ಕಬ್ಬು (ನಿಯಂತ್ರಣ) ಆದೇಶ, 1966ರ ಅಡಿಯಲ್ಲಿ ನ್ಯಾಯಯುತ ಮತ್ತು ಲಾಭದಾಯಕ ದರವನ್ನು, ಅಂದರೆ ಎಫ್‌ಆರ್‌ಪಿಯನ್ನು ನಿಗದಿಪಡಿಸುತ್ತದೆ. 2025-26ನೇ ಹಂಗಾಮಿಗೆ ನಿಗದಿಯಾದ ದರದ ವಿವರ ಈ ಕೆಳಕಂಡಂತಿದೆ:

• ಶೇ. 10.25 ಮೂಲ ಇಳುವರಿಗೆ ಪ್ರತಿ ಕ್ವಿಂಟಲ್‌ಗೆ ರೂ. 355.
• ಮೂಲ ಇಳುವರಿಗಿಂತ ಮೇಲಿನ ಪ್ರತಿ ಶೇ. 0.1 ಹೆಚ್ಚಳಕ್ಕೆ ರೂ. 3.46 ಹೆಚ್ಚುವರಿ.
• ಮೂಲ ಇಳುವರಿಗಿಂತ ಕೆಳಗಿನ ಪ್ರತಿ ಶೇ. 0.1 ಇಳಿಕೆಗೆ ರೂ. 3.46 ಕಡಿತ.
• ಇಳುವರಿ ಶೇ. 9.5 ಅಥವಾ ಅದಕ್ಕಿಂತ ಕಡಿಮೆ ಇದ್ದಲ್ಲಿ ಕಡಿತವು ಅಲ್ಲಿಗೆ ನಿಲ್ಲುತ್ತದೆ, ಬೆಳೆಗಾರನಿಗೆ ರೂ. 329.05 ದೊರೆಯಬೇಕು.

ಅಂದರೆ ಶೇ. 0.1 ಇಳುವರಿಯ ವ್ಯತ್ಯಾಸವು ಪ್ರತಿ ಟನ್ನಿಗೆ ರೂ. 34.60 ಆಗುತ್ತದೆ. ಎಕರೆಗೆ 40 ಟನ್ ಕಬ್ಬು ಬೆಳೆದ ರೈತನಿಗೆ ಇದು ಎಕರೆಗೆ ರೂ. 1,384. ಯಂತ್ರಶಾಲೆಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕದಾದ ನಷ್ಟವು ಗದ್ದೆಯ ಲೆಕ್ಕದಲ್ಲಿ ಎಷ್ಟಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

3. ಕಾರ್ಖಾನೆಯ ಅಂಗಳದಲ್ಲಿ: ತಾಜಾತನ ಮತ್ತು ನಿರಂತರತೆ

ಕಬ್ಬು ಕಟಾವಾದ ಕ್ಷಣದಿಂದಲೇ ಅದರಲ್ಲಿರುವ ಸಕ್ಕರೆ ಕ್ಷೀಣಿಸಲು ಆರಂಭಿಸುತ್ತದೆ. ಸಕ್ಕರೆಯು ನೀರಿನೊಂದಿಗೆ ಸೇರಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಇವು ಸಿಹಿಯಾಗಿದ್ದರೂ ಕಾರ್ಖಾನೆಯ ಪಾತ್ರೆಯಲ್ಲಿ ಸಕ್ಕರೆಯ ಹರಳಾಗುವುದಿಲ್ಲ. ಕತ್ತರಿಸಿದ ತುದಿಗಳ ಮೂಲಕ ಒಳಸೇರುವ ಬ್ಯಾಕ್ಟೀರಿಯಾಗಳು ಡೆಕ್ಸ್‌ಟ್ರಾನ್ ಎಂಬ ಅಂಟು ಪದಾರ್ಥವನ್ನು ಉಂಟುಮಾಡುತ್ತವೆ. ಇದರಿಂದ ರಸವು ಲೋಳೆಯಾಗಿ, ಮುಂದಿನ ಎಲ್ಲ ಹಂತಗಳಲ್ಲಿ ಕೆಲಸ ನಿಧಾನವಾಗುತ್ತದೆ. ಮಾರ್ಚ್-ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಈ ನಷ್ಟ ಇನ್ನೂ ಶೀಘ್ರವಾಗಿರುತ್ತದೆ. ಬೆಂಕಿ ಹಚ್ಚಿ ಕಟಾವು ಮಾಡಿದ ಕಬ್ಬಿನಲ್ಲಂತೂ ಹೇಳುವಂತೆಯೇ ಇಲ್ಲ.

ಇಷ್ಟಾದರೂ ಅಂಗಳದಲ್ಲಿ ಕಬ್ಬಿನ ದಾಸ್ತಾನು ಇಲ್ಲದೆ ಕಾರ್ಖಾನೆ ನಡೆಯುವುದಿಲ್ಲ. ಕಬ್ಬು ಬರದೆ ಗಾಣ ನಿಂತರೆ ಬಾಯ್ಲರ್ ಉರಿಯುತ್ತಲೇ ಇರುತ್ತದೆ, ಪಾತ್ರೆಗಳಲ್ಲಿರುವ ಬಿಸಿ ರಸವು ಕೆಡುತ್ತದೆ, ಮತ್ತೆ ಪ್ರಾರಂಭಿಸಲು ಹೆಚ್ಚಿನ ಇಂಧನ ಬೇಕಾಗುತ್ತದೆ. ಹೀಗಾಗಿ ದಾಸ್ತಾನು ಹೆಚ್ಚಿದರೆ ಸಕ್ಕರೆ ನಷ್ಟ. ದಾಸ್ತಾನು ಕಡಿಮೆಯಾದರೆ ಇಂಧನ ಮತ್ತು ಸಮಯದ ನಷ್ಟ. ಎರಡರ ನಡುವಿನ ಬಿಂದುವನ್ನು ಗೊತ್ತುಪಡಿಸುವುದೇ ಕಟಾವು ಕಾರ್ಯಕ್ರಮದ ಉದ್ದೇಶ. ಕಟಾವಾದ 24 ಗಂಟೆಗಳೊಳಗೆ ನುರಿಸುವುದು ಉತ್ತಮವೆಂದು ಪರಿಗಣಿಸಲಾಗಿದೆ. ಔರಾದದಂತಹ ದೂರದ ಪ್ರದೇಶದಿಂದ ಟ್ರ್ಯಾಕ್ಟರ್ ಮತ್ತು ಲಾರಿಗಳಲ್ಲಿ ಬರುವ ಕಬ್ಬು, ಪ್ರಯಾಣದಲ್ಲಿ ಮತ್ತು ಸರತಿ ಸಾಲಿನಲ್ಲಿ ಈ ಅವಧಿಯ ಬಹುಪಾಲನ್ನು ಕಳೆದುಬಿಡುವ ಸಂಭವವಿರುತ್ತದೆ. ಇದರಲ್ಲಿ ಬೆಳೆಗಾರನಿಗೆ ಎರಡು ಬಗೆಯ ನಷ್ಟವಿದೆ: ಒಣಗಿದ ಕಬ್ಬಿನ ತೂಕ ಇಳಿಯುವುದು ಆತನೊಬ್ಬನ ನಷ್ಟ, ಇಳುವರಿ ಇಳಿಯುವುದು ಕಾರ್ಖಾನೆಗೆ ಕಬ್ಬು ಪೂರೈಸುವ ಎಲ್ಲರ ನಷ್ಟ.

4. ಗಾಣದಲ್ಲಿ: ಹೆಚ್ಚು ರಸವೋ, ಹೆಚ್ಚು ವೇಗವೋ

ಕತ್ತರಿಸಿ ನಾರುನಾರಾದ ಕಬ್ಬು ನಾಲ್ಕರಿಂದ ಆರು ಗಾಣಗಳ ಸಾಲಿನ ಮೂಲಕ ಹಾದುಹೋಗುತ್ತದೆ. ಕೊನೆಯ ಗಾಣಕ್ಕೆ ಮುನ್ನ ಸಿಪ್ಪೆಯ ಮೇಲೆ ಬಿಸಿನೀರು ಸಿಂಪಡಿಸಲಾಗುತ್ತದೆ. ಆ ತೆಳುರಸವನ್ನು ಹಿಂದಿನ ಗಾಣಕ್ಕೆ, ಅಲ್ಲಿಂದ ಅದರ ಹಿಂದಿನ ಗಾಣಕ್ಕೆ ಹಾಯಿಸಿ ಸಿಪ್ಪೆಯಲ್ಲಿ ಉಳಿದ ಸಕ್ಕರೆಯನ್ನು ತೊಳೆದು ತೆಗೆಯಲಾಗುತ್ತದೆ. ಹೀಗೆ ಕಬ್ಬಿನಲ್ಲಿರುವ ಸಕ್ಕರೆಯ ಶೇ. 93ರಿಂದ 97ರಷ್ಟು ರಸಕ್ಕೆ ಬರುತ್ತದೆ.

ಸಿಂಪಡಿಸುವ ನೀರು ಹೆಚ್ಚಿದಷ್ಟೂ ಸಿಪ್ಪೆಯಲ್ಲಿ ಉಳಿಯುವ ಸಕ್ಕರೆ ಕಡಿಮೆಯಾಗುತ್ತದೆ. ಆದರೆ ಹಾಕಿದ ಪ್ರತಿ ಲೀಟರ್ ನೀರನ್ನು ಮುಂದಿನ ಹಂತದಲ್ಲಿ ಕುದಿಸಿ ಹೊರಹಾಕಬೇಕಾಗುತ್ತದೆ. ಜೊತೆಗೆ, ನೀರಿನ ಪ್ರಮಾಣ ಏರುತ್ತಾ ಹೋದಂತೆ ಪ್ರತಿ ಹೆಚ್ಚುವರಿ ಲೀಟರ್‌ನಿಂದ ದೊರೆಯುವ ಸಕ್ಕರೆ ಕಡಿಮೆಯಾಗುತ್ತಾ ಹೋಗುತ್ತದೆ. ಅದನ್ನು ಆವಿಯಾಗಿಸುವ ಖರ್ಚು ಮಾತ್ರ ಇಳಿಯುವುದಿಲ್ಲ.

ವೇಗದ ವಿಷಯವೂ ಹೀಗೆಯೇ. ದಿನಕ್ಕೆ 2,500 ಟನ್ ಸಾಮರ್ಥ್ಯಕ್ಕೆ ವಿನ್ಯಾಸಗೊಳಿಸಿದ ಗಾಣದಲ್ಲಿ ಅದಕ್ಕಿಂತ ಹೆಚ್ಚಿನ ಕಬ್ಬು ನುರಿಸಲು ಸಾಧ್ಯವಿದೆ. ಗದ್ದೆಯಲ್ಲಿ ಕಬ್ಬು ನಿಂತಿರುವಾಗ ಬೆಳೆಗಾರರೇ ವೇಗ ಹೆಚ್ಚಿಸಬೇಕೆಂದು ಒತ್ತಾಯಿಸುವುದುಂಟು. ಆದರೆ ಗಾಣಕ್ಕೆ ದಪ್ಪ ಪದರದಲ್ಲಿ ಸಿಪ್ಪೆ ಹೋದಾಗ ಹಿಂಡುವಿಕೆ ಕುಂದುತ್ತದೆ, ಸಿಪ್ಪೆಯ ತೇವಾಂಶ ಏರುತ್ತದೆ. ಸುಮಾರು ಶೇ. 50ರಷ್ಟು ತೇವಾಂಶವಿರುವ ಸಿಪ್ಪೆಯೇ ಬಾಯ್ಲರ್‌ಗೆ ಇಂಧನವಾದ್ದರಿಂದ, ಒದ್ದೆ ಸಿಪ್ಪೆಯು ಕಡಿಮೆ ಹಬೆ ನೀಡುತ್ತದೆ. ಒಂದೇ ನಿರ್ಧಾರಕ್ಕೆ ಸಕ್ಕರೆಯಲ್ಲಿ ಒಂದು, ಇಂಧನದಲ್ಲಿ ಒಂದು, ಹೀಗೆ ಎರಡು ದಂಡ ತೆರಬೇಕಾಗುತ್ತದೆ.

5. ರಸ ಶುದ್ಧೀಕರಣ: ಸುಣ್ಣದ ಸೂಕ್ಷ್ಮ ಅಳತೆ

ಗಾಣದಿಂದ ಬಂದ ರಸವು ಸ್ವಲ್ಪ ಆಮ್ಲಗುಣ ಹೊಂದಿದ್ದು, ಅದರ ಪಿಎಚ್ ಮೌಲ್ಯ ಸುಮಾರು 5.2ರಿಂದ 5.5ರಷ್ಟಿರುತ್ತದೆ. ರಸವನ್ನು ಸುಮಾರು 70 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಸುಣ್ಣದ ಹಾಲು ಮತ್ತು ಗಂಧಕದ ಹೊಗೆಯೊಂದಿಗೆ ಬೆರೆಸಿ, ಪಿಎಚ್ ಮೌಲ್ಯವನ್ನು 7ರ ಆಸುಪಾಸಿಗೆ ತಂದು, ಪುನಃ 100 ಡಿಗ್ರಿಗಿಂತ ತುಸು ಮೇಲಕ್ಕೆ ಕಾಯಿಸಿ, ಮಡ್ಡಿಯನ್ನು ತಳಕ್ಕೆ ಇಳಿಸಲಾಗುತ್ತದೆ.

ಸುಣ್ಣ ಕಡಿಮೆಯಾದರೆ ರಸ ಆಮ್ಲೀಯವಾಗಿಯೇ ಉಳಿದು, ಬಿಸಿಯಲ್ಲಿ ಸಕ್ಕರೆ ಒಡೆದು ನಾಶವಾಗುತ್ತದೆ. ಸುಣ್ಣ ಹೆಚ್ಚಾದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳು ಕೆಟ್ಟು ಕಂದುಬಣ್ಣ ಬರುತ್ತದೆ. ಹೆಚ್ಚುವರಿ ಸುಣ್ಣದ ಲವಣಗಳು ಮುಂದಿನ ಪಾತ್ರೆಗಳ ಕೊಳವೆಗಳಲ್ಲಿ ಗಟ್ಟಿ ಪದರವಾಗಿ ಕೂರುತ್ತವೆ. ಮೊದಲನೆಯ ತಪ್ಪು ಇಳುವರಿಯಲ್ಲಿ ಕಾಣಿಸುತ್ತದೆ. ಎರಡನೆಯದು ಸಕ್ಕರೆಯ ಬಣ್ಣದಲ್ಲಿ ಮತ್ತು ಇಂಧನದ ಖರ್ಚಿನಲ್ಲಿ ಕಾಣಿಸುತ್ತದೆ. ಬಿಳಿ ಸಕ್ಕರೆಗೆ ಮಾರುಕಟ್ಟೆಯಲ್ಲಿ ಹೆಚ್ಚಿನ ದರವಿರುವುದರಿಂದ ಬಣ್ಣದ ಕಡೆಗೆ ಒಲವು ಸಹಜ. ಆದರೆ ಬಣ್ಣಕ್ಕಾಗಿ ಎಷ್ಟು ಇಳುವರಿಯನ್ನು ಬಿಟ್ಟುಕೊಡಬಹುದು ಎಂಬುದನ್ನು ಲೆಕ್ಕಹಾಕಿಯೇ ನಿರ್ಧರಿಸಬೇಕಾಗುತ್ತದೆ.

6. ಬಾಷ್ಪೀಕರಣ: ಹಬೆ ಮತ್ತು ಬಂಡವಾಳದ ನಡುವಿನ ಆಯ್ಕೆ

ಶುದ್ಧ ರಸದಲ್ಲಿ ಕರಗಿದ ಘನಪದಾರ್ಥ ಶೇ. 15ರಷ್ಟಿರುತ್ತದೆಂದು ಭಾವಿಸೋಣ. ಅದನ್ನು ಶೇ. 60ರ ಪಾಕಕ್ಕೆ ತರಲು ಪ್ರತಿ 100 ಟನ್ ರಸದಿಂದ 75 ಟನ್ ನೀರನ್ನು ಆವಿಯಾಗಿಸಬೇಕು. ಒಂದೇ ಪಾತ್ರೆಯಲ್ಲಿ ಈ ಕೆಲಸ ಮಾಡಿದರೆ ಸರಿಸುಮಾರು 75 ಟನ್ ಹಬೆ ಬೇಕು. ಅಷ್ಟು ಇಂಧನವನ್ನು ಯಾವ ಕಾರ್ಖಾನೆಯೂ ಭರಿಸಲಾರದು.

ಇದಕ್ಕೆ ಪರಿಹಾರವನ್ನು 1840ರ ದಶಕದಲ್ಲಿ ಅಮೆರಿಕದ ಲೂಯಿಸಿಯಾನದ ನಾರ್ಬರ್ಟ್ ರಿಲಿಯು ಎಂಬ ಎಂಜಿನಿಯರ್ ಕಂಡುಹಿಡಿದರು. ಮೊದಲ ಪಾತ್ರೆಯ ರಸದಿಂದ ಏಳುವ ಆವಿಯನ್ನೇ ಎರಡನೆಯ ಪಾತ್ರೆಯನ್ನು ಕಾಯಿಸಲು ಬಳಸುವುದು, ಎರಡನೆಯದರ ಆವಿಯನ್ನು ಮೂರನೆಯದಕ್ಕೆ ಬಳಸುವುದು ಈ ಪದ್ಧತಿಯ ತತ್ವ. ಪ್ರತಿ ಮುಂದಿನ ಪಾತ್ರೆಯಲ್ಲಿ ಒತ್ತಡವನ್ನು ಇಳಿಸುವುದರಿಂದ ರಸವು ಕಡಿಮೆ ಉಷ್ಣತೆಯಲ್ಲಿಯೇ ಕುದಿಯುತ್ತದೆ. ಮೇಲಿನ ಉದಾಹರಣೆಗೆ ಬೇಕಾಗುವ ಹಬೆಯ ಸ್ಥೂಲ ಪ್ರಮಾಣ ಹೀಗಿದೆ:

• ಮೂರು ಪಾತ್ರೆಗಳು: 25 ಟನ್
• ನಾಲ್ಕು ಪಾತ್ರೆಗಳು: 18.75 ಟನ್
• ಐದು ಪಾತ್ರೆಗಳು: 15 ಟನ್
• ಆರು ಪಾತ್ರೆಗಳು: 12.5 ಟನ್

ಮೂರರಿಂದ ನಾಲ್ಕಕ್ಕೆ ಹೋದಾಗ 6.25 ಟನ್ ಉಳಿಯುತ್ತದೆ. ನಾಲ್ಕರಿಂದ ಐದಕ್ಕೆ 3.75 ಟನ್, ಐದರಿಂದ ಆರಕ್ಕೆ ಕೇವಲ 2.5 ಟನ್. ಉಳಿತಾಯ ಕುಗ್ಗುತ್ತಾ ಹೋಗುತ್ತದೆ, ಆದರೆ ಪ್ರತಿ ಹೊಸ ಪಾತ್ರೆಯ ಬೆಲೆ ಕುಗ್ಗುವುದಿಲ್ಲ. ಪಾತ್ರೆಗಳು ಹೆಚ್ಚಾದರೆ ಒಟ್ಟು ಕೆಲಸವೂ ಹೆಚ್ಚುತ್ತದೆ ಎಂಬ ತಿಳಿವಳಿಕೆ ಸರಿಯಲ್ಲ. ಹಬೆಯ ಉಷ್ಣತೆಗೂ ಕೊನೆಯ ಪಾತ್ರೆಯ ಉಷ್ಣತೆಗೂ ಇರುವ ಒಟ್ಟು ವ್ಯತ್ಯಾಸವು ಸೀಮಿತವಾದದ್ದು. ಅದನ್ನೇ ಎಲ್ಲ ಪಾತ್ರೆಗಳು ಹಂಚಿಕೊಳ್ಳಬೇಕು. ಪಾಲುದಾರರು ಹೆಚ್ಚಿದಂತೆ ಪ್ರತಿಯೊಬ್ಬರ ಪಾಲು ಕಡಿಮೆಯಾಗುವಂತೆ, ಪ್ರತಿ ಪಾತ್ರೆಗೆ ದೊರೆಯುವ ಉಷ್ಣತಾ ವ್ಯತ್ಯಾಸ ಕಡಿಮೆಯಾಗಿ, ಅಷ್ಟೇ ನೀರನ್ನು ಆವಿಯಾಗಿಸಲು ಹೆಚ್ಚು ಕಾಯಿಸುವ ಮೇಲ್ಮೈ ಬೇಕಾಗುತ್ತದೆ.

ಮೊದಲ ಪಾತ್ರೆಗೆ ಹೆಚ್ಚು ಬಿಸಿಯಾದ ಹಬೆ ಕೊಟ್ಟು ಈ ವ್ಯತ್ಯಾಸವನ್ನು ಹಿಗ್ಗಿಸಬಹುದಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಹಿಗ್ಗಿಸಬಹುದು. ಆದರೆ ಹೆಚ್ಚಿನ ಉಷ್ಣತೆಯಲ್ಲಿ ಹೆಚ್ಚು ಹೊತ್ತು ನಿಂತ ರಸದಲ್ಲಿ ಸಕ್ಕರೆ ಒಡೆಯುತ್ತದೆ, ಬಣ್ಣ ಗಾಢವಾಗುತ್ತದೆ. ರಸವು ಕೊಳವೆಗಳ ಒಳಮೈಯಲ್ಲಿ ತೆಳುಪದರವಾಗಿ ವೇಗವಾಗಿ ಇಳಿದುಹೋಗುವಂತಹ ಹೊಸ ಬಗೆಯ ಪಾತ್ರೆಗಳು ಈ ಹೊತ್ತನ್ನು ಕಡಿಮೆ ಮಾಡುತ್ತವೆ. ಆದರೆ ಅವುಗಳಲ್ಲಿ ಎಲ್ಲ ಕೊಳವೆಗಳಿಗೆ ರಸ ಸಮನಾಗಿ ಹಂಚಿಕೆಯಾಗದಿದ್ದಲ್ಲಿ ಒಣಗಿದ ಕೊಳವೆಗಳಲ್ಲಿ ಸಕ್ಕರೆ ಸೀಯುತ್ತದೆ. ಒಂದು ತೊಂದರೆಯ ಪರಿಹಾರವು ಮತ್ತೊಂದು ಎಚ್ಚರಿಕೆಯನ್ನು ಬೇಡುತ್ತದೆ.

7. ಒಂದು ಸರಳ ಲೆಕ್ಕ

ಗಾಣದ ನೀರು ಮತ್ತು ಬಾಷ್ಪೀಕರಣದ ಪಾತ್ರೆಗಳು ಒಂದಕ್ಕೊಂದು ಹೇಗೆ ಸಂಬಂಧಿಸಿವೆ ಎಂಬುದನ್ನು ದಿನಕ್ಕೆ 2,500 ಟನ್ ನುರಿಸುವ ಒಂದು ಕಾಲ್ಪನಿಕ ಕಾರ್ಖಾನೆಯ ಉದಾಹರಣೆಯಿಂದ ತಿಳಿಯಬಹುದು. ಕಬ್ಬಿನಲ್ಲಿ ಸಕ್ಕರೆ ಶೇ. 13 ಎಂದೂ, 1 ಟನ್ ಸಿಪ್ಪೆಯಿಂದ 2.3 ಟನ್ ಹಬೆ ದೊರೆಯುತ್ತದೆಂದೂ, ಸಿಪ್ಪೆಯ ಬೆಲೆ ಟನ್ನಿಗೆ ರೂ. 2,000 ಎಂದೂ ಇಟ್ಟುಕೊಳ್ಳೋಣ. ಸಕ್ಕರೆಗೆ, ಲೆಕ್ಕದ ಅನುಕೂಲಕ್ಕಾಗಿ, ಕೇಂದ್ರ ಸರ್ಕಾರವು 2019ರ ಫೆಬ್ರವರಿಯಲ್ಲಿ ನಿಗದಿಪಡಿಸಿದ ಕನಿಷ್ಠ ಮಾರಾಟ ದರವಾದ ಕಿಲೋಗೆ ರೂ. 31ನ್ನು ಪರಿಗಣಿಸೋಣ.

ಗಾಣಕ್ಕೆ ಕಬ್ಬಿನ ತೂಕದ ಶೇ. 5ರಷ್ಟು, ಅಂದರೆ ದಿನಕ್ಕೆ 125 ಟನ್ ಹೆಚ್ಚು ನೀರು ಹಾಕಿದಾಗ ಹಿಂಡುವಿಕೆ ಶೇ. 0.3ರಷ್ಟು ಉತ್ತಮವಾಯಿತೆನ್ನೋಣ. ಕಬ್ಬಿನೊಂದಿಗೆ ಬಂದ 325 ಟನ್ ಸಕ್ಕರೆಯಲ್ಲಿ ಇದು ಸುಮಾರು 1 ಟನ್. ಅದರಲ್ಲಿ ಚೀಲಕ್ಕೆ ಬರುವುದು ಸುಮಾರು 0.86 ಟನ್, ಅದರ ಬೆಲೆ ಸುಮಾರು ರೂ. 26,600.

ಈ 125 ಟನ್ ನೀರನ್ನು ಆವಿಯಾಗಿಸಲು ನಾಲ್ಕು ಪಾತ್ರೆಗಳ ವ್ಯವಸ್ಥೆಯಲ್ಲಿ ಸುಮಾರು 31 ಟನ್ ಹಬೆ, ಅಂದರೆ 13.6 ಟನ್ ಸಿಪ್ಪೆ, ಅಂದರೆ ರೂ. 27,200 ಖರ್ಚಾಗುತ್ತದೆ. ಐದು ಪಾತ್ರೆಗಳ ವ್ಯವಸ್ಥೆಯಲ್ಲಿ 25 ಟನ್ ಹಬೆ, ಸುಮಾರು 11 ಟನ್ ಸಿಪ್ಪೆ, ಅಂದರೆ ಸುಮಾರು ರೂ. 22,000 ಖರ್ಚಾಗುತ್ತದೆ. ಮೊದಲನೆಯ ಕಾರ್ಖಾನೆಗೆ ಅದೇ ನೀರಿನಿಂದ ಅಲ್ಪ ನಷ್ಟ, ಎರಡನೆಯದಕ್ಕೆ ಲಾಭ. ಹಾಗಾಗಿ ನೆರೆಯ ಕಾರ್ಖಾನೆ ಇಷ್ಟು ನೀರು ಬಳಸುತ್ತದೆ, ನಮ್ಮ ಕಾರ್ಖಾನೆ ಏಕೆ ಬಳಸುವುದಿಲ್ಲ ಎಂಬ ಪ್ರಶ್ನೆಗೆ ಉತ್ತರವು ಗಾಣದಲ್ಲಿಲ್ಲ. ಮುಂದಿನ ಕಟ್ಟಡದಲ್ಲಿರುವ ಪಾತ್ರೆಗಳ ಸಂಖ್ಯೆಯಲ್ಲಿರಬಹುದು.

ಇದೇ ಲೆಕ್ಕದ ಮತ್ತೊಂದು ಮುಖವನ್ನೂ ಗಮನಿಸಬೇಕು. ಇಳುವರಿ ಶೇ. 0.1 ಏರಿದರೆ ಪ್ರತಿ ಟನ್ ಕಬ್ಬಿಗೆ 1 ಕಿಲೋ ಸಕ್ಕರೆ ಹೆಚ್ಚು ದೊರೆಯುತ್ತದೆ. ಇಳುವರಿ ಶೇ. 9.5ಕ್ಕಿಂತ ಮೇಲಿರುವಾಗ, ಆ 1 ಕಿಲೋಗೆ ಪ್ರತಿಯಾಗಿ ಕಾರ್ಖಾನೆಯು ಬೆಳೆಗಾರನಿಗೆ ರೂ. 34.60 ಹೆಚ್ಚು ಪಾವತಿಸಬೇಕಾಗುತ್ತದೆ. ಸಕ್ಕರೆಯ ಮಾರಾಟ ದರ ಅದಕ್ಕಿಂತ ಎಷ್ಟು ಮೇಲಿದೆಯೋ ಅಷ್ಟು ಮಾತ್ರ ಕಾರ್ಖಾನೆಗೆ ಉಳಿಯುತ್ತದೆ. ಇಳುವರಿ ಶೇ. 9.5ಕ್ಕಿಂತ ಕೆಳಗಿರುವಾಗ ಸುಧಾರಣೆಯ ಪೂರ್ಣ ಲಾಭ ಕಾರ್ಖಾನೆಯದೇ. ಸಂಸ್ಕರಣಾ ನಷ್ಟವನ್ನು ತಗ್ಗಿಸುವ ಹೂಡಿಕೆಯ ಖರ್ಚನ್ನು ಕಾರ್ಖಾನೆ ಭರಿಸುತ್ತದೆ, ಅದರ ಫಲದ ಬಹುಪಾಲು ಬೆಳೆಗಾರನಿಗೆ ಸೇರುತ್ತದೆ. ಸಹಕಾರಿ ಕಾರ್ಖಾನೆಗಳಲ್ಲಿ ಇಬ್ಬರೂ ಒಬ್ಬರೇ ಆಗಿರುವುದರಿಂದ ಇಂತಹ ಹೂಡಿಕೆಯ ಪ್ರಸ್ತಾವನೆ ಮಹಾಸಭೆಯ ಮುಂದೆ ಬಂದಾಗ ಸದಸ್ಯರು ಎರಡೂ ಬದಿಯ ಲೆಕ್ಕವನ್ನು ಕೇಳಿ ಪಡೆಯುವುದು ಸೂಕ್ತ.

8. ಹರಳುಗಟ್ಟಿಸುವಿಕೆ: ಕಾಕಂಬಿಯಲ್ಲಿ ಉಳಿಯುವ ಸಕ್ಕರೆ

ಪಾಕವನ್ನು ನಿರ್ವಾತ ಪಾತ್ರೆಗಳಲ್ಲಿ ಕುದಿಸಿ ಹರಳುಗಟ್ಟಿಸಿ, ವೇಗವಾಗಿ ತಿರುಗುವ ಯಂತ್ರಗಳಲ್ಲಿ ಹರಳು ಮತ್ತು ಕಾಕಂಬಿಯನ್ನು ಬೇರ್ಪಡಿಸಲಾಗುತ್ತದೆ. ಮೊದಲ ಹಂತದ ಕಾಕಂಬಿಯನ್ನು ಪುನಃ ಕುದಿಸಿ ಎರಡನೆಯ ಬಾರಿ, ಅದರ ಕಾಕಂಬಿಯನ್ನು ಮೂರನೆಯ ಬಾರಿ ಹರಳುಗಟ್ಟಿಸಲಾಗುತ್ತದೆ. ಇವುಗಳನ್ನು ಅನುಕ್ರಮವಾಗಿ ಎ, ಬಿ ಮತ್ತು ಸಿ ಹಂತಗಳೆನ್ನುತ್ತಾರೆ. ಕೊನೆಯದಾಗಿ ಉಳಿಯುವ ಸಿ ಕಾಕಂಬಿಯಲ್ಲಿ ಇನ್ನೂ ಸಕ್ಕರೆ ಇರುತ್ತದೆ. ಕಾರ್ಖಾನೆಯ ಅತಿ ದೊಡ್ಡ ನಷ್ಟ ಇದೇ.

ಸಿ ಹಂತದ ಪಾಕವನ್ನು ಹೆಚ್ಚು ಹೊತ್ತು ನಿಧಾನವಾಗಿ ತಣಿಸಿದರೆ ಹೆಚ್ಚಿನ ಸಕ್ಕರೆ ಹರಳಾಗುತ್ತದೆ. ಆದರೆ ತಣ್ಣಗಾದಂತೆ ಅದು ಬಂಕೆಯಂತೆ ಗಟ್ಟಿಯಾಗಿ, ಯಂತ್ರದಲ್ಲಿ ಬೇರ್ಪಡಿಸುವುದು ಕಷ್ಟವಾಗುತ್ತದೆ. ಬೇರ್ಪಡಿಸಲು ನೀರು ಹಾಕಿದರೆ ಬಿಡಿಸಿಕೊಂಡ ಸಕ್ಕರೆಯೇ ಕರಗಿ ಕಾಕಂಬಿಗೆ ಮರಳುತ್ತದೆ. ತಣಿಸಲು ಸಮಯ ಬೇಕೆಂದರೆ ಹೆಚ್ಚು ತೊಟ್ಟಿಗಳು ಬೇಕು. ತೊಟ್ಟಿಗಳ ಸಂಖ್ಯೆ ಹೆಚ್ಚಿಸದೆ ನುರಿಸುವ ವೇಗವನ್ನು ಮಾತ್ರ ಹೆಚ್ಚಿಸಿದಲ್ಲಿ, ಪಾಕಕ್ಕೆ ತಣಿಯಲು ಅವಕಾಶ ಸಿಗದೆ ಸಕ್ಕರೆ ಕಾಕಂಬಿಯೊಂದಿಗೆ ಹೊರಹೋಗುತ್ತದೆ. ಗಾಣದ ಸಾಮರ್ಥ್ಯವನ್ನು ವಿಸ್ತರಿಸಿ ಉಳಿದ ವಿಭಾಗಗಳನ್ನು ಹಾಗೆಯೇ ಬಿಟ್ಟ ಕಾರ್ಖಾನೆಗಳಲ್ಲಿ ಇಳುವರಿ ಕುಸಿಯುವುದಕ್ಕೆ ಇದು ಒಂದು ಪ್ರಮುಖ ಕಾರಣ.

9. ಸಕ್ಕರೆಯೋ, ಎಥೆನಾಲೋ?

ರಾಷ್ಟ್ರೀಯ ಜೈವಿಕ ಇಂಧನ ನೀತಿ, 2018ರ ನಂತರ ಕಾರ್ಖಾನೆಗಳಿಗೆ ಮತ್ತೊಂದು ಆಯ್ಕೆ ವ್ಯಾಪಕವಾಗಿ ತೆರೆದುಕೊಂಡಿತು. ಸಿ ಕಾಕಂಬಿಯಿಂದ ಎಥೆನಾಲ್ ತಯಾರಿಸಿದರೆ ಪ್ರತಿ ಟನ್ ಕಬ್ಬಿಗೆ ಸುಮಾರು 10-11 ಲೀಟರ್ ದೊರೆಯುತ್ತದೆ ಮತ್ತು ಸಕ್ಕರೆಯ ಉತ್ಪಾದನೆ ಕಡಿಮೆಯಾಗುವುದಿಲ್ಲ. ಮೂರನೆಯ ಬಾರಿ ಹರಳುಗಟ್ಟಿಸದೆ ಬಿ ಹಂತದ ಕಾಕಂಬಿಯನ್ನೇ ಡಿಸ್ಟಿಲರಿಗೆ ಕಳುಹಿಸಿದರೆ ಸುಮಾರು 20 ಲೀಟರ್ ದೊರೆಯುತ್ತದೆ, ಆದರೆ ಸಕ್ಕರೆ ಕಡಿಮೆಯಾಗುತ್ತದೆ. ರಸವನ್ನೇ ನೇರವಾಗಿ ಬಳಸಿದರೆ ಸುಮಾರು 70 ಲೀಟರ್ ಅಥವಾ ಅದಕ್ಕೂ ಹೆಚ್ಚು ದೊರೆಯುತ್ತದೆ, ಸಕ್ಕರೆ ಇರುವುದಿಲ್ಲ.

ಬಿ ಕಾಕಂಬಿಯ ಮಾರ್ಗದಲ್ಲಿ ಅತ್ಯಂತ ನಿಧಾನವೂ ಕಷ್ಟಕರವೂ ಆದ ಸಿ ಹಂತವೇ ಇರುವುದಿಲ್ಲ. ಹಬೆ ಉಳಿಯುತ್ತದೆ, ಸಕ್ಕರೆಯ ಬಣ್ಣ ಉತ್ತಮವಾಗುತ್ತದೆ, ದಾಸ್ತಾನಿನಲ್ಲಿ ಹಣ ಸಿಲುಕುವುದು ತಪ್ಪುತ್ತದೆ. ಇದರ ಎದುರಿಗೆ ಕಾರ್ಖಾನೆಯು ಸರ್ಕಾರದ ನೀತಿಯ ಬದಲಾವಣೆಗೆ ಹೆಚ್ಚು ಒಳಗಾಗುತ್ತದೆ. ಸಕ್ಕರೆಯ ಲಭ್ಯತೆಯನ್ನು ಕಾಯ್ದುಕೊಳ್ಳಲು 2023ರ ಡಿಸೆಂಬರ್‌ನಲ್ಲಿ ಕಬ್ಬಿನ ರಸದಿಂದ ಎಥೆನಾಲ್ ತಯಾರಿಕೆಗೆ ನಿರ್ಬಂಧ ವಿಧಿಸಲಾಯಿತು. 2024ರ ಆಗಸ್ಟ್‌ನಲ್ಲಿ ಮುಂದಿನ ಪೂರೈಕೆ ವರ್ಷಕ್ಕೆ ಅನ್ವಯವಾಗುವಂತೆ ಅದನ್ನು ತೆರವುಗೊಳಿಸಲಾಯಿತು. ಒಂದೇ ಮಾರ್ಗಕ್ಕೆ ಕಟ್ಟಿದ ಕಾರ್ಖಾನೆ ಇಂತಹ ಸಂದರ್ಭದಲ್ಲಿ ಸಂಕಷ್ಟಕ್ಕೆ ಒಳಗಾಗುತ್ತದೆ. ಎರಡೂ ಮಾರ್ಗಗಳಿಗೆ ಸಿದ್ಧವಿರುವ ಕಾರ್ಖಾನೆಯು ಆ ಸ್ವಾತಂತ್ರ್ಯಕ್ಕಾಗಿ ಕೆಲವು ಯಂತ್ರಗಳನ್ನು ಖಾಲಿ ಇಟ್ಟುಕೊಳ್ಳುವ ಖರ್ಚನ್ನು ಭರಿಸಬೇಕಾಗುತ್ತದೆ.

ಬೆಳೆಗಾರನ ದೃಷ್ಟಿಯಿಂದ ಮುಖ್ಯವಾದ ಸಂಗತಿ ಇಷ್ಟೇ: ಎಥೆನಾಲ್‌ಗೆ ಹೋದ ಸಕ್ಕರೆಯನ್ನು ಲೆಕ್ಕಕ್ಕೆ ಸೇರಿಸದೆ ಚೀಲದ ಸಕ್ಕರೆಯನ್ನು ಮಾತ್ರ ಎಣಿಸಿದಲ್ಲಿ ಇಳುವರಿಯು ವಾಸ್ತವಕ್ಕಿಂತ ಕಡಿಮೆ ಕಾಣುತ್ತದೆ. ಆದ್ದರಿಂದ ಘೋಷಿತ ಇಳುವರಿಯು ಎಥೆನಾಲ್‌ಗೆ ಹೋದ ಸಕ್ಕರೆಯನ್ನು ಒಳಗೊಂಡಿದೆಯೇ ಎಂಬುದನ್ನು ವಿಚಾರಿಸತಕ್ಕದ್ದು.

10. ನೀರು ಮತ್ತು ತ್ಯಾಜ್ಯ

ಒಂದು ಟನ್ ಕಬ್ಬಿನಲ್ಲಿ ಸುಮಾರು 700 ಲೀಟರ್ ನೀರಿರುತ್ತದೆ. ಸಿಪ್ಪೆಯೊಂದಿಗೆ ಹೋಗುವ ಸುಮಾರು 140-150 ಲೀಟರ್ ಕಳೆದರೂ 550 ಲೀಟರ್‌ನಷ್ಟು ನೀರು ಆವಿಯಾಗಿ ಹೊರಬರುತ್ತದೆ. ಅದನ್ನು ತಣಿಸಿ, ಸಂಸ್ಕರಿಸಿ ಮರುಬಳಕೆ ಮಾಡಿದಲ್ಲಿ ಹೊರಗಿನ ನೀರಿನ ಅಗತ್ಯ ಬಹಳ ಕಡಿಮೆಯಾಗುತ್ತದೆ. 2023ರಂತಹ ಬರದ ವರ್ಷಗಳನ್ನು ಕಂಡಿರುವ ಈ ಭಾಗಕ್ಕೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮರುಬಳಕೆಗೆ ತಣಿಸುವ ಗೋಪುರ, ಪಂಪುಗಳು ಮತ್ತು ವಿದ್ಯುತ್ ಬೇಕು. ಆವಿಯೊಂದಿಗೆ ಸಕ್ಕರೆಯ ಅಂಶ ಸೇರಿ ಬಂದರೆ ಬಾಯ್ಲರ್‌ಗೆ ಅಪಾಯವಾದ್ದರಿಂದ ಸತತ ಪರೀಕ್ಷೆಯೂ ಬೇಕು.

2016ರಲ್ಲಿ ಅಧಿಸೂಚಿತವಾದ ಮಾನದಂಡಗಳ ಪ್ರಕಾರ ಸಂಸ್ಕರಿಸಿದ ತ್ಯಾಜ್ಯ ನೀರನ್ನು ಪ್ರತಿ ಟನ್ ಕಬ್ಬಿಗೆ 100 ಲೀಟರ್‌ಗೆ, ತಣಿಸುವ ವ್ಯವಸ್ಥೆಯಿಂದ ಹೊರಬರುವ ನೀರನ್ನು ಮತ್ತೊಂದು 100 ಲೀಟರ್‌ಗೆ ಮಿತಿಗೊಳಿಸಲಾಗಿದೆ. ಕಾಕಂಬಿ ಆಧಾರಿತ ಡಿಸ್ಟಿಲರಿಗಳ ಹೊರಹರಿವಂತೂ ಅತ್ಯಂತ ಪ್ರಬಲವಾದ ತ್ಯಾಜ್ಯವಾಗಿದ್ದು, ಅದನ್ನು ಹೊರಬಿಡದೆ ಸಾಂದ್ರೀಕರಿಸಿ ಬಾಯ್ಲರ್‌ನಲ್ಲಿ ಸುಡುವುದು ಅಥವಾ ಶೋಧಕದ ಮಡ್ಡಿಯೊಂದಿಗೆ ಬೆರೆಸಿ ಗೊಬ್ಬರವಾಗಿಸುವುದು ಅಗತ್ಯ. ಸಾಂದ್ರೀಕರಣಕ್ಕೂ ಹಬೆಯೇ ಬೇಕು. ಬೀದರ್ ಸಮೀಪದ ಕೊಳಾರ ಕೈಗಾರಿಕಾ ಪ್ರದೇಶದ ಔಷಧ ಮತ್ತು ರಾಸಾಯನಿಕ ಘಟಕಗಳ ವಿಷಯದಲ್ಲಿಯೂ ತತ್ವ ಇದೇ: ತ್ಯಾಜ್ಯವನ್ನು ಶೂನ್ಯಕ್ಕೆ ಇಳಿಸಲು ಇಂಧನ ಮತ್ತು ಬಂಡವಾಳದ ಬೆಲೆ ತೆರಬೇಕು, ತೆರದಿದ್ದರೆ ಆ ಬೆಲೆಯನ್ನು ಸುತ್ತಲಿನ ಗ್ರಾಮಗಳ ಬಾವಿಗಳು ಮತ್ತು ಹಳ್ಳಗಳು ತೆರುತ್ತವೆ. ಈ ಒಂದು ವಿಷಯದಲ್ಲಿ ಕಾನೂನು ಹೊಂದಾಣಿಕೆಗೆ ಅವಕಾಶ ನೀಡುವುದಿಲ್ಲ. ಆದ್ದರಿಂದ ವಿನ್ಯಾಸದ ಲೆಕ್ಕವನ್ನು ಇಲ್ಲಿಂದಲೇ ಆರಂಭಿಸುವುದು ಸೂಕ್ತ.

11. ಯಂತ್ರ ಖರೀದಿಯ ಒಪ್ಪಂದದಲ್ಲಿ ದಂಡದ ಷರತ್ತು

ಹೊಸ ಯಂತ್ರಗಳನ್ನು ಖರೀದಿಸುವಾಗ ಪೂರೈಕೆದಾರರಿಂದ ಕಾರ್ಯಕ್ಷಮತೆಯ ಖಾತರಿ ಪಡೆಯುವುದು ರೂಢಿ. ನುರಿಸುವ ವೇಗ, ಹಿಂಡುವಿಕೆ, ಸಿಪ್ಪೆಯ ತೇವಾಂಶ, ಹಬೆಯ ಬಳಕೆ, ವಿದ್ಯುತ್ ಬಳಕೆ ಇವು ಸಾಮಾನ್ಯ ಅಂಶಗಳು. ಪರೀಕ್ಷೆಯಲ್ಲಿ ಕೊರತೆ ಕಂಡುಬಂದಲ್ಲಿ ಗೊತ್ತುಪಡಿಸಿದ ಮೊತ್ತವನ್ನು ಕಡಿತಗೊಳಿಸಲಾಗುತ್ತದೆ. ಈ ವಿಷಯದಲ್ಲಿ ಮೂರು ಅಂಶಗಳು ಗಮನಾರ್ಹ.

ಮೊದಲನೆಯದಾಗಿ, ಎಲ್ಲ ಖಾತರಿಗಳನ್ನು ಏಕಕಾಲದಲ್ಲಿ ಪರೀಕ್ಷಿಸತಕ್ಕದ್ದು. ಹಬೆಯ ಬಳಕೆಯನ್ನು ಒಂದು ದಿನ, ಹಿಂಡುವಿಕೆಯನ್ನು ಮತ್ತೊಂದು ದಿನ ಪರೀಕ್ಷಿಸಿದರೆ, ಮೊದಲ ದಿನ ಗಾಣದ ನೀರನ್ನು ಕಡಿಮೆ ಮಾಡಿ, ಎರಡನೆಯ ದಿನ ಹೆಚ್ಚಿಸಿ ಎರಡರಲ್ಲಿಯೂ ಉತ್ತೀರ್ಣರಾಗಬಹುದು. ಮೇಲೆ ವಿವರಿಸಿದ ಪರಸ್ಪರ ಅವಲಂಬನೆಯೇ ಇದಕ್ಕೆ ಕಾರಣ.

ಎರಡನೆಯದಾಗಿ, ಕಬ್ಬಿನ ನಾರು ಮತ್ತು ಸಕ್ಕರೆಯ ಪ್ರಮಾಣ ದಿನದಿಂದ ದಿನಕ್ಕೆ ಬದಲಾಗುವುದರಿಂದ, ಯಾವ ಗುಣಮಟ್ಟದ ಕಬ್ಬಿಗೆ ಖಾತರಿ ಅನ್ವಯಿಸುತ್ತದೆ, ವ್ಯತ್ಯಾಸವಾದಲ್ಲಿ ತಿದ್ದುಪಡಿ ಹೇಗೆ ಎಂಬುದನ್ನು ಒಪ್ಪಂದದಲ್ಲಿಯೇ ನಮೂದಿಸತಕ್ಕದ್ದು.

ಮೂರನೆಯದಾಗಿ, ದಂಡವನ್ನು ಒಮ್ಮೆ ಮಾತ್ರ ವಸೂಲು ಮಾಡಲಾಗುತ್ತದೆ. ನಷ್ಟವು ಯಂತ್ರ ಇರುವವರೆಗೂ ಮುಂದುವರಿಯುತ್ತದೆ. ದಿನಕ್ಕೆ 2,500 ಟನ್ ನುರಿಸುವ ಕಾರ್ಖಾನೆಯಲ್ಲಿ ಶೇ. 0.1 ಇಳುವರಿಯ ಕೊರತೆಯು 150 ದಿನಗಳ ಹಂಗಾಮಿನಲ್ಲಿ 375 ಟನ್ ಸಕ್ಕರೆ. ಕಿಲೋಗೆ ರೂ. 31ರ ದರದಲ್ಲಿಯೂ ಇದು ರೂ. 1.16 ಕೋಟಿ. ಹತ್ತು ಹಂಗಾಮಿಗೆ ಎಷ್ಟಾಗುವುದೆಂಬುದನ್ನು ಓದುಗರೇ ಊಹಿಸಬಹುದು. ಭಾರತೀಯ ಕರಾರು ಅಧಿನಿಯಮ, 1872ರ 74ನೇ ಪ್ರಕರಣದಂತೆ ಒಪ್ಪಂದದಲ್ಲಿ ನಮೂದಿಸಿದ ಮೊತ್ತವನ್ನು ಮೀರದಂತೆ ಸಮಂಜಸವಾದ ಪರಿಹಾರ ಮಾತ್ರ ದೊರೆಯುತ್ತದೆ. ಆದ್ದರಿಂದ ದಂಡದ ಮೊತ್ತವನ್ನು ನಿಗದಿಪಡಿಸುವ ಮುನ್ನವೇ ಅನೇಕ ವರ್ಷಗಳ ನಷ್ಟವನ್ನು ಅಂದಾಜು ಮಾಡುವುದು ಒಳಿತು. ಕಡಿಮೆ ಬೆಲೆಯ ಟೆಂಡರು ಯಾವಾಗಲೂ ಕಡಿಮೆ ವೆಚ್ಚದ ಯಂತ್ರವಾಗಿರುವುದಿಲ್ಲ.

12. ಬೆಳೆಗಾರರು ಮತ್ತು ಸದಸ್ಯರು ಗಮನಿಸಬೇಕಾದ ಅಂಶಗಳು

• ಕಟಾವಿನ ಆದೇಶ ದೊರೆತ ನಂತರವೇ ಕಟಾವು ಮಾಡಿಸತಕ್ಕದ್ದು. ಸಾಗಣೆಯ ವಾಹನ ಖಚಿತವಾಗುವ ಮುನ್ನ ಕಬ್ಬು ಕಡಿದು ಗದ್ದೆಯಲ್ಲಿ ಬಿಡಬಾರದು.
• ರವದಿ, ಹಸಿ ತುದಿ ಮತ್ತು ಬೇರಿನ ಮಣ್ಣನ್ನು ತೆಗೆದು ಕಳುಹಿಸತಕ್ಕದ್ದು. ಇವು ತೂಕಕ್ಕೆ ಸೇರಿದರೂ ಇಳುವರಿಯನ್ನು ಇಳಿಸಿ ಎಲ್ಲರ ದರವನ್ನು ತಗ್ಗಿಸುತ್ತವೆ.
• ಬೆಂಕಿ ಹಚ್ಚಿ ಕಟಾವು ಮಾಡುವುದನ್ನು ಕೈಬಿಡತಕ್ಕದ್ದು.
• ತೂಕದ ಚೀಟಿಯನ್ನು ಪಡೆದು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.
• ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕು. ವಿಳಂಬವಾದಲ್ಲಿ ವಾರ್ಷಿಕ ಶೇ. 15ರ ಬಡ್ಡಿಗೆ ಕಬ್ಬು (ನಿಯಂತ್ರಣ) ಆದೇಶ, 1966ರಲ್ಲಿ ಅವಕಾಶವಿದೆ.
• ಸಹಕಾರಿ ಕಾರ್ಖಾನೆಯ ಸದಸ್ಯರು ವಾರ್ಷಿಕ ಮಹಾಸಭೆಯಲ್ಲಿ ಇಳುವರಿಯೊಂದನ್ನೇ ಕೇಳದೆ, ಸಿಪ್ಪೆಯಲ್ಲಿ, ಮಡ್ಡಿಯಲ್ಲಿ, ಕಾಕಂಬಿಯಲ್ಲಿ ಹಾಗೂ ಅನಿರ್ಧರಿತವಾಗಿ ಆದ ನಷ್ಟಗಳ ಪ್ರತ್ಯೇಕ ವಿವರವನ್ನು ಕೇಳತಕ್ಕದ್ದು. ಕಬ್ಬಿನಲ್ಲಿಯೇ ಸಕ್ಕರೆ ಕಡಿಮೆಯಿತ್ತೇ ಅಥವಾ ಕಾರ್ಖಾನೆಯಲ್ಲಿ ಕಳೆದುಹೋಯಿತೇ ಎಂಬುದು ಈ ವಿವರದಿಂದ ಮಾತ್ರ ತಿಳಿಯುತ್ತದೆ.
• ಸಾಮರ್ಥ್ಯ ವಿಸ್ತರಣೆಯ ಪ್ರಸ್ತಾವನೆ ಬಂದಾಗ, ಗಾಣದ ಜೊತೆಗೆ ಬಾಷ್ಪೀಕರಣ, ತಣಿಸುವ ತೊಟ್ಟಿಗಳು ಮತ್ತು ತ್ಯಾಜ್ಯ ಸಂಸ್ಕರಣಾ ಘಟಕದ ಸಾಮರ್ಥ್ಯವೂ ಹೆಚ್ಚುತ್ತದೆಯೇ ಎಂಬುದನ್ನು, ಹಾಗೂ ಬರದ ವರ್ಷದಲ್ಲಿ ಅಷ್ಟು ಕಬ್ಬು ದೊರೆಯುವುದೇ ಎಂಬುದನ್ನು ವಿಚಾರಿಸತಕ್ಕದ್ದು.

ಪ್ರಕ್ರಿಯೆಯ ವಿನ್ಯಾಸದಲ್ಲಿ ಯಾವ ಲಾಭವೂ ಪುಕ್ಕಟೆಯಾಗಿ ದೊರೆಯುವುದಿಲ್ಲ. ಯಾವ ಲಾಭಕ್ಕೆ ಎಷ್ಟು ಬೆಲೆ, ಅದನ್ನು ತೆರುವವರು ಯಾರು ಎಂಬುದು ಎಲ್ಲರಿಗೂ ತಿಳಿಯುವಂತಿದ್ದಲ್ಲಿ, ಕಾರ್ಖಾನೆ ಮತ್ತು ಬೆಳೆಗಾರರ ನಡುವಿನ ಅನೇಕ ವಿವಾದಗಳು ಆರಂಭದಲ್ಲಿಯೇ ಬಗೆಹರಿಯುತ್ತವೆ. ರೈತ ಬಾಂಧವರು ಹಾಗೂ ಸದಸ್ಯರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.